ಸುಲಿಯುವ ಕೋಣೆಗೆ ಬೆಳಕು: ಮುಚ್ಚಿಗೆಗೆ ಸುಣ್ಣ ಬಳಿದ ಅನುಭವ

ಮಲೆನಾಡಿನಲ್ಲಿ ಗುಡ್ಡದ ಇಳಿಜಾರಿಗೆ ಒರಗಿದಂತೆ ಕಟ್ಟಿದ ಹಳೆಯ ಮನೆಗಳಲ್ಲಿ ವಾಸ ಮೇಲೆ, ಕೆಲಸ ಕೆಳಗೆ ಇರುವುದು ಸಾಮಾನ್ಯ. ಅಂಗಳದ ಕಡೆಯಿಂದ ನೋಡಿದರೆ ಮನೆ ಒಂದೇ ಅಂತಸ್ತು, ತೋಟದ ಕಡೆಯಿಂದ ನೋಡಿದರೆ ಎರಡು. ಆ ಕೆಳಕೋಣೆಗೆ ಮೂರು ಕಡೆ ದಪ್ಪ ಗೋಡೆ, ಒಂದು ಕಡೆ ಬಾಗಿಲು, ಕೈ ತೂರುವಷ್ಟು ಕಿಟಕಿ ಒಂದೋ ಎರಡೋ. ಅಡಿಕೆ ಸುಲಿತ ಅಲ್ಲಿ. ಕೊಯ್ದು ತಂದ ಕಾಫಿ ಹಣ್ಣನ್ನು ಸಂಜೆ ಹರಡಿ ಹಸಿಕಾಯಿ, ಒಣಗಿದ ಹಣ್ಣು ಆರಿಸುವುದು ಅಲ್ಲಿ. ಔಷಧಿ ಹೊಡೆಯುವ ಪಂಪು ಬಿಚ್ಚಿ ವಾಷರ್ ಹಾಕುವುದು, ಕತ್ತಿ ಮಸೆಯುವುದು, ಮೋಟಾರು ರಿಪೇರಿ ಎಲ್ಲವೂ ಅಲ್ಲಿಯೇ. ತಲೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಮುಚ್ಚಿಗೆಯ ಹಲಗೆ. ಮೇಲಿನವರಿಗೆ ನೆಲವಾದದ್ದೇ ಕೆಳಗಿನವರಿಗೆ ಸೂರು.

ನಮ್ಮ ಮನೆಯ ಕೆಳಕೋಣೆಯೂ ಇಂಥದೇ. ಉದ್ದ 30 ಅಡಿ, ಅಗಲ 18 ಅಡಿ, ಜಂತೆಯ ಕೆಳಗೆ ನಿಂತರೆ ಎತ್ತರ ಏಳೂವರೆ ಅಡಿ. ಹಿಂದೆ ಅಡಿಕೆ ಬೇಯಿಸುವ ಒಲೆ ಈ ಕೋಣೆಗೆ ತಾಗಿಕೊಂಡೇ ಇತ್ತು. ಅದನ್ನು ಹೊರಗೆ ಹಾಕಿ ಎಷ್ಟೋ ವರ್ಷವಾದರೂ ಅದರ ಹೊಗೆ ಮಾತ್ರ ಮುಚ್ಚಿಗೆಯನ್ನು ಬಿಟ್ಟಿರಲಿಲ್ಲ. ಜಂತೆ ಹಲಸಿನದೋ ಮತ್ತಿಯದೋ ಎಂದು ಹೇಳಲಾಗದಷ್ಟು ಕಪ್ಪು. ಹಗಲು ಹನ್ನೆರಡು ಗಂಟೆಗೂ ದೀಪ ಹಾಕಬೇಕು, ದೀಪ ಹಾಕಿದರೂ ಮೂಲೆಯಲ್ಲಿ ಪಂಚಾಂಗದ ಸಣ್ಣ ಅಕ್ಷರ ಓದಲಾಗದು. ನಮಗೆ ಅದು ಅಭ್ಯಾಸವಾಗಿ ಹೋಗಿತ್ತು. ಕತ್ತಲೆಯೂ ಆ ಕೋಣೆಯ ಸಾಮಾನುಗಳಲ್ಲಿ ಒಂದು ಎಂಬಂತೆ ಇದ್ದೆವು.

ಕಣ್ಣು ತೆರೆಸಿದವರು ನಮ್ಮಲ್ಲಿ ಸುಲಿತಕ್ಕೆ ಬರುವ ಹಿರಿಯ ಹೆಂಗಸು. ನಮ್ಮ ತಾಯಿಯವರ ಕಾಲದಿಂದ ಬರುತ್ತಿರುವವರು. ಮೆಟ್ಟುಗತ್ತಿಯ ಮೇಲೆ ಕುಳಿತರೆ ಕೈ ನಿಲ್ಲುತ್ತಿರಲಿಲ್ಲ. ಒಂದು ಸುಗ್ಗಿಯಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಹೆಬ್ಬೆರಳಿಗೆ ಕತ್ತಿ ತಾಗಿ, ಬಟ್ಟೆ ಸುತ್ತಿ, ಮರುದಿನ ಆಸ್ಪತ್ರೆಗೆ ಕರೆದೊಯ್ದು ಹೊಲಿಗೆ ಹಾಕಿಸಬೇಕಾಯಿತು. ವಾಸಿಯಾದ ಮೇಲೆ ಬಂದು, "ಅಯ್ಯಾ, ರಾತ್ರಿ ಸುಲಿತಕ್ಕೆ ಇನ್ನು ನನ್ನ ಕರೀಬೇಡಿ. ಕೈ ಸೋತಿಲ್ಲ, ಕತ್ತಿ ಬಾಯಿ ಕಾಣಾದಿಲ್ಲ" ಅಂದರು. ಸುಲಿತಕ್ಕೆ ಜನ ಸಿಗದ ಈ ದಿನಗಳಲ್ಲಿ ಆ ಮಾತು ನಮಗೆ ಹೇಗೆ ತಟ್ಟಿರಬೇಕೆಂದು ಬೆಳೆಗಾರ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಜನ ಸಿಗದಿರುವುದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು, ಅಷ್ಟು ವರ್ಷ ನಾವು ಅವರನ್ನು ಕೂರಿಸಿದ ಜಾಗ ಎಂಥದೆಂದು ನಾವೇ ಒಮ್ಮೆಯೂ ಕುಳಿತು ನೋಡದೇ ಇದ್ದದ್ದು. ಈಗ ಸುಲಿಯುವ ಯಂತ್ರ ಬಂದಿದೆ, ನಿಜ. ಯಂತ್ರಕ್ಕೆ ಕೈ ಕೊಡುವುದೂ ಅದೇ ಕೋಣೆಯಲ್ಲೇ.

ದೊಡ್ಡ ಬಲ್ಬು ಏಕೆ ಸಾಲದು?

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ. ಇದ್ದ ಬಲ್ಬು ತೆಗೆದು ಅದಕ್ಕಿಂತ ದೊಡ್ಡದು ಹಾಕಿದೆವು. ಕಣ್ಣಿಗೆ ಕುಕ್ಕಿತು, ಕೆಲಸಕ್ಕೆ ದಕ್ಕಲಿಲ್ಲ. ಕಾರಣ ತಿಳಿಯಬೇಕಾದರೆ ನಾವೇ ಮೆಟ್ಟುಗತ್ತಿಯ ಮೇಲೆ ಕೂರಬೇಕಾಯಿತು. ಒಂದೇ ದೀಪ ತಲೆಯ ಮೇಲೆ, ಸ್ವಲ್ಪ ಹಿಂದಕ್ಕೆ ಇದ್ದರೆ ಕುಳಿತವರ ತಲೆಯ ನೆರಳೂ ಕೈಯ ನೆರಳೂ ನೇರವಾಗಿ ಕತ್ತಿಯ ಬಾಯಿಯ ಮೇಲೆಯೇ ಬೀಳುತ್ತವೆ. ದೀಪ ದೊಡ್ಡದಾದಷ್ಟೂ ನೆರಳಿನ ಆಚೆಯ ಜಾಗ ಬೆಳಗುತ್ತದೆಯೇ ಹೊರತು ನೆರಳು ತೆಳುವಾಗುವುದಿಲ್ಲ. ನೆರಳು ತೆಳುವಾಗಬೇಕಾದರೆ ಬೆಳಕು ಒಂದೇ ಕಡೆಯಿಂದ ಬರದೆ ಎಲ್ಲ ಕಡೆಯಿಂದ ಬರಬೇಕು. ಅಂದರೆ ಇಡೀ ಸೂರೇ ದೀಪವಾಗಬೇಕು.

ಒಳ್ಳೆಯ ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಪಾಲನ್ನು ಹಿಂದಕ್ಕೆ ಕೊಡುತ್ತದೆ. ಮಸಿ ಹಿಡಿದ ಮರ 10 ಪಾಲನ್ನೂ ಕೊಡುವುದು ಕಷ್ಟ. ಇದು ಒಂದೇ ಸಲದ ಲೆಕ್ಕ. ಬೆಳಕು ಗೋಡೆಗೆ ಬಡಿದು ಸೂರಿಗೆ ಹೋಗಿ ಕೆಳಕ್ಕೆ ಬರುವಾಗ ಎರಡು ಸಲ ತಿರುಗುತ್ತದೆ. ಗೋಡೆ, ಸೂರು ಎರಡೂ ಬಿಳಿಯಾದರೆ ಎರಡು ತಿರುವಿನ ನಂತರವೂ ನೂರಕ್ಕೆ 64 ಪಾಲು ಉಳಿಯುತ್ತದೆ, ಎರಡೂ ಮಸಿಯಾದರೆ ಒಂದು ಪಾಲು. ನಾವು ಕೊಟ್ಟ ಕರೆಂಟಿನ ದುಡ್ಡನ್ನು ಮುಚ್ಚಿಗೆ ನುಂಗುತ್ತಿತ್ತು ಎಂದರೆ ತಪ್ಪಾಗದು.

ಅದೇ ದಿನಗಳಲ್ಲಿ ಅಮೆರಿಕದಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಊರಿಗೆ ಬಂದಿದ್ದವನು ಕೆಳಕೋಣೆ ನೋಡಿ ನಕ್ಕ. ಅಲ್ಲಿಯ ಮನೆಗಳಿಗೂ ನೆಲದ ಅಡಿಯಲ್ಲಿ ಹೀಗೆಯೇ ಒಂದು ಕೋಣೆ ಇರುತ್ತದಂತೆ, ಬೇಸ್‌ಮೆಂಟ್ ಎನ್ನುತ್ತಾರೆ. ಹವ್ಯಾಸಕ್ಕೆ ಮರಗೆಲಸ ಮಾಡುವವರು ಅದರ ಸೂರನ್ನು ಮುಚ್ಚದೆ, ಜಂತೆ, ಪೈಪು, ವೈರಿನ ಕೊಳವೆ ಎಲ್ಲದರ ಮೇಲೂ ಬಿಳಿ ಬಣ್ಣವನ್ನೇ ಹೊಡೆದುಬಿಡುತ್ತಾರಂತೆ. ಫೋನಿನಲ್ಲಿ ಚಿತ್ರ ತೋರಿಸಿದ. ಜಂತೆಗಳು ಎದ್ದು ಕಾಣುತ್ತಿದ್ದರೂ ಕೋಣೆ ಹಾಲು ಚೆಲ್ಲಿದಂತೆ ಇತ್ತು. "ಅಣ್ಣಾ, ನಿಮ್ಮಲ್ಲಿ ಸುಣ್ಣವೂ ಇದೆ, ಪಂಪೂ ಇದೆ, ಮತ್ತೇನು ಬೇಕು?" ಅಂದ. ಮಾತು ಸರಿಯೇ. ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಎಂದು ಪ್ರತಿ ವರ್ಷ ಅಳೆದು ಕಲಸುವ ನಮಗೆ ಸುಣ್ಣ ಹೊಸದಲ್ಲ.

ಮುಚ್ಚುವುದೋ, ತೆರೆದಿಡುವುದೋ

ಮನೆಯಲ್ಲಿ ಇದರ ಬಗ್ಗೆ ಚರ್ಚೆ ನಡೆಯಿತು. ಕೆಳಗಿನಿಂದ ಹೊಸ ಸೂರು ಕಟ್ಟಿಸೋಣ, ಪೇಟೆಯ ಅಂಗಡಿಗಳಲ್ಲಿ ಇರುವ ಹಾಗೆ ಹಾಳೆ ಹೊಡೆಸಿದರೆ ಜಂತೆಯೂ ಕಾಣುವುದಿಲ್ಲ, ಧೂಳೂ ಉದುರುವುದಿಲ್ಲ ಎಂಬುದು ಮಗನ ವಾದ. ಕೆಲಸದವರೊಬ್ಬರು ಬಂದು ಅಳತೆ ತೆಗೆದು ಲೆಕ್ಕವನ್ನೂ ಕೊಟ್ಟು ಹೋದರು. ನಾವು ಬೇಡ ಎಂದೆವು. ಬೆಲೆ ಹೆಚ್ಚೆಂಬುದು ಒಂದು ಕಾರಣ ಮಾತ್ರ.

ಜಿಪ್ಸಂ ಹಾಳೆ ತೇವಕ್ಕೆ ತಡೆಯದು. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಆಷಾಢದಲ್ಲಿ ಬೀಗದ ಕೈಗೂ ಬೂಸ್ಟು ಬರುವ ಊರು ಇದು. ಪ್ಲಾಸ್ಟಿಕ್ ಹಾಳೆಗೆ ತೇವದ ಭಯವಿಲ್ಲ, ಬೆಂಕಿಯ ಭಯವಿದೆ. ಪಕ್ಕದಲ್ಲೇ ಅಡಿಕೆ ಒಲೆ ಉರಿಯುವ ಮನೆಯಲ್ಲಿ ಅದು ತಲೆಯ ಮೇಲೆ ಇರಬಾರದು. ಎಲ್ಲಕ್ಕಿಂತ ಮುಖ್ಯವಾದ ಮಾತು ಬೇರೆ. ಹಾಳೆಗೂ ಮುಚ್ಚಿಗೆಗೂ ನಡುವೆ ಉಳಿಯುವ ಆರಿಂಚಿನ ಸಂದು ಇಲಿಗೆ ರಾಜಮಾರ್ಗ. ಅಲ್ಲಿ ಇಲಿ ವೈರು ಕಚ್ಚಿದರೂ ಗೆದ್ದಲು ಜಂತೆ ಹತ್ತಿದರೂ ಮೇಲಿನ ಬಚ್ಚಲಿನ ನೀರು ಸೋರಿದರೂ ನಮಗೆ ತಿಳಿಯುವುದು ಕೊನೆಗೆ, ಅಂದರೆ ಏನಾದರೂ ಬಿದ್ದ ಮೇಲೆ. ಮರದ ಸೂರು ಕಣ್ಣಿಗೆ ಕಾಣುವಂತೆ ಇರಬೇಕು. ಅದಕ್ಕೆ ಬಿಳಿ ಬಳಿದರಂತೂ ಗೆದ್ದಲಿನ ಮಣ್ಣಿನ ದಾರಿ ಕಾಗದದ ಮೇಲೆ ಗೆರೆ ಎಳೆದಂತೆ ಕಾಣುತ್ತದೆ.

ಅಜ್ಜಯ್ಯನ ಆಕ್ಷೇಪ ಬೇರೆ ಇತ್ತು. ಮಸಿಯೇ ಮರಕ್ಕೆ ರಕ್ಷೆ, ಹೊಗೆ ಕುಡಿದ ಜಂತೆಗೆ ಹುಳ ಬೀಳುವುದಿಲ್ಲ, ಅದನ್ನು ತೊಳೆದು ಹಾಳು ಮಾಡಬೇಡಿ ಅಂದರು. ದಿನವೂ ಹೊಗೆ ಆಡುವ ಅಡುಗೆಮನೆಯ ಅಟ್ಟಕ್ಕೆ ಆ ಮಾತು ಒಪ್ಪತಕ್ಕದ್ದೇ. ಹೊಗೆ ನಿಂತು ವರ್ಷಗಳಾದ ಕೋಣೆಗೆ ಅದು ಅನ್ವಯಿಸುವುದಿಲ್ಲವೆಂದು ನಮಗೆ ತೋರಿತು. ಅದಕ್ಕೆ ಸಾಕ್ಷಿ ತೊಳೆಯುವಾಗಲೇ ಸಿಕ್ಕಿತು. ಉತ್ತರದ ಗೋಡೆಯೊಳಗೆ ಹೋಗುವ ಎರಡು ಜಂತೆಗಳ ತುದಿಯಲ್ಲಿ ಮಸಿಯ ಅಡಿಯೇ ಕುಟ್ಟೆ ಹೊಡೆದು, ಸ್ಕ್ರೂಡ್ರೈವರ್ ಚುಚ್ಚಿದರೆ ಅರ್ಧ ಇಂಚು ಒಳಕ್ಕೆ ಇಳಿಯಿತು. ಅದರ ಮೇಲೆ ಮೂವತ್ತು ಚೀಲ ಮೆಣಸು, ಅಡಿಕೆ ಇಡುತ್ತಿದ್ದೆವು! ಬಡಗಿಯನ್ನು ಕರೆಸಿ ಪಕ್ಕದಲ್ಲಿ ಹೊಸ ಜಂತೆ ಕೊಟ್ಟು ಬೋಲ್ಟು ಬಿಗಿಸಿದೆವು. ಸುಣ್ಣ ಬಳಿಯುವ ಯೋಚನೆ ಇಲ್ಲದವರೂ ಒಮ್ಮೆ ಸ್ಕ್ರೂಡ್ರೈವರ್ ಹಿಡಿದು ಗೋಡೆಗೆ ಸೇರುವ ತುದಿಗಳನ್ನು ಚುಚ್ಚಿ ನೋಡುವುದು ಒಳ್ಳೆಯದು. ಮರ ಮೊದಲು ಸೋಲುವುದು ಅಲ್ಲಿಯೇ.

ಮೊದಲ ಸಲ ಕೆಟ್ಟದ್ದು

ಈಗ ನಮ್ಮ ತಪ್ಪಿನ ಕಥೆ. ಮೇಲೆ ಹೇಳಿದ ತೊಳೆಯುವ ಕೆಲಸ ನಡೆದದ್ದು ಎರಡನೆಯ ಸಲ. ಮೊದಲನೆಯ ವರ್ಷ ನಾವು ಪೊರಕೆಯಲ್ಲಿ ಜೇಡರ ಬಲೆ ಹೊಡೆದು, ಅದನ್ನೇ ಶುಚಿ ಎಂದು ತಿಳಿದು, ದಪ್ಪಗೆ ಸುಣ್ಣ ಬಳಿಸಿದೆವು. ಬಳಿದ ದಿನ ನೋಡಿದವರೆಲ್ಲ ಭೇಷ್ ಅಂದರು. ವಾರದೊಳಗೆ ಅಲ್ಲಲ್ಲಿ ಕಂದು ಮಚ್ಚೆ ಎದ್ದಿತು. ಹೊಗೆಯ ಜಿಡ್ಡು ನೀರಿನ ಬಣ್ಣವನ್ನು ಹಾದು ಮೇಲೆ ಬರುತ್ತದೆ, ಎಷ್ಟು ಸಲ ಬಳಿದರೂ ಅಷ್ಟು ಸಲವೂ ಬರುತ್ತದೆ. ಮಳೆ ಹಿಡಿದ ಮೇಲೆ ಸುಣ್ಣ ಹಪ್ಪಳದಂತೆ ಎದ್ದು ಕೆಳಗಿನ ರಾಶಿಗೆ ಉದುರಿತು. ಅಡಿಕೆಯಿಂದ ಸುಣ್ಣದ ಚೂರು ಆರಿಸುತ್ತ ಕುಳಿತವರು ಏನೆಂದುಕೊಂಡರೋ, ನಮ್ಮೆದುರು ಯಾರೂ ಹೇಳಲಿಲ್ಲ.

ಅದೇ ಸಲ ಇನ್ನೊಂದು ಅನಾಹುತವೂ ಆಯಿತು. ಬಳಿಯುತ್ತಿದ್ದ ಹುಡುಗ ತಲೆ ಎತ್ತಿದಾಗ ಕುಂಚದಿಂದ ಒಂದು ಹನಿ ಕಣ್ಣಿಗೆ ಬಿತ್ತು. ಸುಣ್ಣ ಆಮ್ಲದಂತೆ ಒಮ್ಮೆ ಸುಟ್ಟು ಸುಮ್ಮನಾಗುವುದಿಲ್ಲ, ಒಳಕ್ಕೆ ಇಳಿಯುತ್ತ ಹೋಗುತ್ತದೆ. ಪುಣ್ಯಕ್ಕೆ ಪಕ್ಕದಲ್ಲೇ ನಲ್ಲಿ ಇತ್ತು. ರೆಪ್ಪೆ ಬಿಡಿಸಿ ಹಿಡಿದು ಇಪ್ಪತ್ತು ನಿಮಿಷ ನೀರು ಬಿಟ್ಟು, ಅಲ್ಲಿಂದ ನೇರ ಕಣ್ಣಿನ ಡಾಕ್ಟರರ ಬಳಿಗೆ ಹೋದೆವು. ಕಣ್ಣು ಉಳಿಯಿತು. ಕತ್ತಿಯ ಬಾಯಿ ಕಾಣಲೆಂದು ಹೊರಟವರು ಒಬ್ಬ ಹುಡುಗನ ಕಣ್ಣು ಕಳೆಯುವುದರಲ್ಲಿದ್ದೆವು. ತಲೆಯ ಮೇಲಿನ ಸುಣ್ಣದ ಕೆಲಸಕ್ಕೆ ಕಣ್ಣಿನ ಸುತ್ತ ಮುಚ್ಚುವ ಕನ್ನಡಕ ಇಲ್ಲದೆ ಯಾರನ್ನೂ ಏಣಿ ಹತ್ತಿಸಬಾರದು. ಬಿಸಿಲಿನ ಕನ್ನಡಕ ಸಾಲದು, ಬದಿಯಿಂದ ಹನಿ ಹೋಗುತ್ತದೆ. ಒಂದು ಬಕೆಟ್ ಶುದ್ಧ ನೀರು ಏಣಿಯ ಬುಡದಲ್ಲೇ ಇರಬೇಕು.

ಎರಡನೆಯ ಸಲ ಮಾಡಿದ ಕ್ರಮ

ಏಪ್ರಿಲ್ ತಿಂಗಳನ್ನು ಆರಿಸಿಕೊಂಡೆವು. ಸುಗ್ಗಿ ಮುಗಿದು ಕೋಣೆ ಖಾಲಿ, ಕೊಳೆರೋಗದ ಮೊದಲ ಔಷಧಿಗೆ ಇನ್ನೂ ಸಮಯವಿದ್ದು ಪಂಪೂ ಖಾಲಿ, ಗಾಳಿ ಒಣಗಿರುತ್ತದೆ.

ಮೊದಲು ಮೈನ್ ಸ್ವಿಚ್ ತೆಗೆದು ಸೂರಿನ ವೈರಿಂಗ್ ಪೂರ್ತಿ ಬಿಚ್ಚಿಸಿದೆವು. ಹಳೆಯ ಮರದ ಪಟ್ಟಿಯ ಮೇಲಿನ ವೈರು. ಮೂರು ಕಡೆ ಇಲಿ ಕಚ್ಚಿ ತಾಮ್ರ ಕಾಣುತ್ತಿತ್ತು. ಅದರ ಮೇಲೆಯೇ ಮೊದಲ ವರ್ಷ ಸುಣ್ಣದ ನೀರು ಬಳಿಸಿದ್ದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಹೊಸದಾಗಿ ಕೊಳವೆಯೊಳಗೆ ವೈರು ಎಳೆಸಿ, ನೆಲಕ್ಕೆ ಕರೆಂಟು ಸೋರಿದರೆ ತಾನೇ ಬಿದ್ದುಹೋಗುವ 30 ಮಿಲಿ ಆಂಪಿಯರ್‌ನ ಸ್ವಿಚ್ ಹಾಕಿಸಿದೆವು. ತೇವದ ಕೋಣೆಗೆ ಇದು ಬೇಕೇ ಬೇಕು.

ಆಮೇಲೆ ತೊಳೆತ. ಒಣ ಮಸಿಯನ್ನು, ಇಲಿ ಹಿಕ್ಕೆಯನ್ನು ಒಣಗಿದ್ದಾಗಲೇ ಗುಡಿಸಬಾರದು. ಧೂಳು ಎದೆಗೆ ಹೋಗುತ್ತದೆ, ಇಲಿಯಿಂದ ಬರುವ ರೋಗಗಳೂ ಇವೆ. ನೀರು ಚಿಮುಕಿಸಿ, ಮೂಗಿಗೆ ಕಟ್ಟಿಕೊಂಡು ಒರೆಸಬೇಕು. ನಂತರ ಬಕೆಟ್ ಬಿಸಿನೀರಿಗೆ ಎರಡು ಹಿಡಿ ವಾಷಿಂಗ್ ಸೋಡಾ ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿ, ಒಳ್ಳೆಯ ನೀರಿನಲ್ಲಿ ಎರಡು ಸಲ ಒರೆಸಿದೆವು. ಕೈಗೆ ರಬ್ಬರ್ ಗವಸು ಬೇಕು. ಮೂರು ಆಳು, ಎರಡು ದಿನ. ಇಳಿದ ನೀರು ಕಾಫಿ ಕಷಾಯದಂತೆ ಇತ್ತು. ಹಳೆಯ ಎಣ್ಣೆ ಬಣ್ಣ ಇದ್ದ ಮರವಾದರೆ ಒಣಗಿದ್ದನ್ನು ಕೆರೆಯಬೇಡಿ. ಹಿಂದಿನ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆ ಬಣ್ಣಗಳಲ್ಲಿ ಸೀಸಕ್ಕೆ ಕಟ್ಟುನಿಟ್ಟಿನ ಮಿತಿ ಹಾಕುವ ಕೇಂದ್ರದ ನಿಯಮ ಬಂದದ್ದೇ 2016ರಲ್ಲಿ.

ಒಂದು ವಾರ ಒಣಗಲು ಬಿಟ್ಟೆವು. ಹಾಗಿದ್ದೂ ಒಲೆಯ ಕಡೆಯ ನಾಲ್ಕು ಜಂತೆಗಳಲ್ಲಿ ಜಿಡ್ಡು ಉಳಿದೇ ಇತ್ತು. ಅದಕ್ಕೆ ಮಾತ್ರ ಬಡಗಿಗಳು ಪಾಲಿಶ್‌ಗೆ ಬಳಸುವ, ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಒಂದು ಕೈ ಹೊಡೆಸಿದೆವು. ಹೊಗೆಯ ಕಲೆ ಅರಗನ್ನು ದಾಟಿ ಬರುವುದಿಲ್ಲ. ಸ್ಪಿರಿಟ್ ಆವಿಗೆ ಬೆಂಕಿ ತಾಗದಂತೆ ಬಾಗಿಲು ತೆರೆದು, ಬೀಡಿ ಸೇದುವವರನ್ನು ಹೊರಗೆ ಕಳುಹಿಸಿ ಮಾಡಬೇಕಾದ ಕೆಲಸ. ಆದರೆ ಅರಗಿನ ನುಣುಪಿನ ಮೇಲೆ ಸುಣ್ಣ ಹಿಡಿಯದು. ಆ ನಾಲ್ಕು ಜಂತೆಗೆ ಹೊಳಪಿಲ್ಲದ ಬಿಳಿ ಎಮಲ್ಷನ್ ಬಣ್ಣ ಹಾಕಿದೆವು. ದುಡ್ಡಿಗೆ ತೊಂದರೆ ಇಲ್ಲದವರು ಇಡೀ ಸೂರಿಗೇ ಹೀಗೆ ಮಾಡಬಹುದು. ಹೊಳಪಿನ ಬಣ್ಣ ಮಾತ್ರ ಬೇಡ, ದೀಪದ ಪ್ರತಿಬಿಂಬ ಕಣ್ಣಿಗೆ ಹೊಡೆಯುತ್ತದೆ.

ಹಲಗೆಗಳ ಸಂದಿನ ವಿಷಯ. ಮೇಲೆ ಯಾರಾದರೂ ನಡೆದರೆ ಕೆಳಗೆ ಧೂಳು ಉದುರುವ ಸಂದುಗಳು ನಮ್ಮಲ್ಲಿ ಹದಿನೇಳು. ಮೈದಾ ಅಂಟಿನಲ್ಲಿ ಬಟ್ಟೆ ಅಂಟಿಸಿದರೆ ಜಿರಳೆಗೆ ಊಟ ಹಾಕಿದಂತೆ. ನಾವು ಬಲಿತ ಅಡಿಕೆ ಮರದ ದಬ್ಬೆಯನ್ನು ಒಂದೂವರೆ ಇಂಚು ಅಗಲಕ್ಕೆ ಸೀಳಿ, ಒಳಗಿನ ಮೆದುವನ್ನು ಕೆತ್ತಿ ತೆಗೆದು, ಚೆನ್ನಾಗಿ ಒಣಗಿಸಿ, ಸಂದಿನ ಮೇಲೆ ಕೆಳಗಿನಿಂದ ಮೊಳೆ ಹೊಡೆದೆವು. ಹಸಿ ದಬ್ಬೆಯಾದರೆ ಹುಳ ಹೊಡೆಯುತ್ತದೆ, ಒಣಗಿದ ಮೇಲೆ ಸುರುಟುತ್ತದೆ. ತೋಟದಲ್ಲಿ ಬಿದ್ದ ಮರಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ನಮಗೆ ಕಂಡಿಲ್ಲ.

ಸುಣ್ಣ ಎಷ್ಟು ಬೇಕೆಂಬ ಲೆಕ್ಕದಲ್ಲಿ ಹಲವರು ತಪ್ಪುತ್ತಾರೆ. ಕೋಣೆ 540 ಚದರಡಿ ಎಂದರೆ ಸೂರೂ ಅಷ್ಟೇ ಎಂದುಕೊಳ್ಳಬಾರದು. ಜಂತೆಯ ಎರಡು ಬದಿಗಳೂ ಲೆಕ್ಕಕ್ಕೆ ಬರುತ್ತವೆ. ಜಂತೆ ಆರಿಂಚು ಆಳವಿದ್ದು ಎರಡಡಿಗೊಂದರಂತೆ ಇದ್ದರೆ ಬಳಿಯುವ ಜಾಗ ಒಂದೂವರೆ ಪಟ್ಟು, ಅಂದರೆ 810 ಚದರಡಿ ಆಗುತ್ತದೆ. ಆಳಿನ ಲೆಕ್ಕವನ್ನೂ ಇದರ ಮೇಲೆಯೇ ಹಿಡಿಯಬೇಕು.

ಸುಣ್ಣ ಸುಟ್ಟ ಹೊಸ ಸುಣ್ಣವೇ ಆಗಬೇಕು, ಗಾಳಿಯಲ್ಲಿ ಇಟ್ಟು ಹುಡಿಯಾದದ್ದಲ್ಲ. ಕೆಜಿಗೆ ಸುಮಾರು ಐದು ಲೀಟರ್ ನೀರು. ನೀರಿಗೆ ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿದರೆ ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಬೇಡ, ಕುದಿಗೆ ಕರಗೀತು. ಒಂದು ಹಗಲು ಒಂದು ರಾತ್ರಿ ಹಾಗೇ ಬಿಟ್ಟು, ಹಳೆಯ ಪಂಚೆಯಲ್ಲಿ ಎರಡು ಸಲ ಸೋಸಬೇಕು. ಹತ್ತು ಲೀಟರ್ ತಿಳಿಗೆ 40 ಗ್ರಾಂ ಅಂಟನ್ನು ಬಿಸಿನೀರಿನಲ್ಲಿ ಕರಗಿಸಿ ಬೆರೆಸಿದರೆ ಕೈಗೆ ಹತ್ತುವುದಿಲ್ಲ. ನೀಲಿ ಹಾಕುವುದಿದ್ದರೆ ಸುಣ್ಣದ ಕೆಜಿಗೆ ಮೂರು ಗ್ರಾಂ ಮೀರಬಾರದು. ಹೆಚ್ಚಾದರೆ ಬಿಳುಪು ಕೂಡುವ ಬದಲು ಬೆಳಕು ಕಳೆಯುತ್ತದೆ. ಉಪ್ಪು ಹಾಕುವ ಪದ್ಧತಿ ಕೆಲವು ಕಡೆ ಇದೆ. ಮಲೆನಾಡಿಗೆ ಅದು ಹೇಳಿಸಿದ್ದಲ್ಲ. ಉಪ್ಪು ಮಳೆಗಾಲದಲ್ಲಿ ತೇವ ಎಳೆದು ಮೊಳೆಗಳನ್ನು ತುಕ್ಕು ಹಿಡಿಸುತ್ತದೆ.

ಮೊದಲ ಕೈಯನ್ನು ಪಂಪಿನಲ್ಲಿ ಹೊಡೆದೆವು. ಸಂದುಗೊಂದುಗಳಿಗೆ ಕುಂಚ ಹೋಗದು, ತುಂತುರು ಹೋಗುತ್ತದೆ. ನಾಜಲ್ ತೂತು ದೊಡ್ಡದಿರಬೇಕು, ತಿಳಿ ತೆಳ್ಳಗಿರಬೇಕು. ಕಳೆನಾಶಕ ಹೊಡೆದ ಪಂಪನ್ನು ಈ ಕೆಲಸಕ್ಕೆ ಮುಟ್ಟಲೇಬಾರದು, ಕೆಳಗೆ ತಿನ್ನುವ ಪದಾರ್ಥ ಹರಡುವ ಜಾಗ ಅದು. ಕೆಲಸ ಮುಗಿದ ಕೂಡಲೇ ಪಂಪನ್ನು ಮೂರು ನೀರಿನಲ್ಲಿ ತೊಳೆಯದಿದ್ದರೆ ಒಳಗೆ ಸುಣ್ಣ ಕಲ್ಲಾಗುತ್ತದೆ. ಎರಡನೆಯ, ಮೂರನೆಯ ಕೈ ನಾರಿನ ಕುಂಚದಲ್ಲಿ, ಒಂದು ಒಣಗಿದ ಮೇಲೆ ಒಂದು.

ಇಲ್ಲಿ ಒಂದು ಎಚ್ಚರಿಕೆ. ಹಸಿ ಇರುವಾಗ ಸುಣ್ಣ ನೀರಿನಂತೆ ಕಾಣುತ್ತದೆ, ಅಡಿಯ ಕಪ್ಪು ಮರ ಹಾಗೆಯೇ ಇಣುಕುತ್ತದೆ. ಮೊದಲ ವರ್ಷ ನಾವು ಗಾಬರಿಯಾಗಿ ದಪ್ಪಗೆ ಬಳಿಸಿದ್ದು ಇದನ್ನು ನೋಡಿಯೇ. ಸುಣ್ಣ ಒಣಗಿ, ಗಾಳಿಯ ಇಂಗಾಲಾಮ್ಲವನ್ನು ಹೀರಿ ಮತ್ತೆ ಸುಣ್ಣದ ಕಲ್ಲಿನ ಗುಣಕ್ಕೆ ತಿರುಗಿದ ಮೇಲಷ್ಟೇ ಬಿಳುಪು ತೋರುವುದು, ಗಟ್ಟಿಯಾಗುವುದು. ಸಂಜೆ ಕಪ್ಪಾಗಿ ಕಂಡದ್ದು ಬೆಳಿಗ್ಗೆ ಬೆಳ್ಳಗಿರುತ್ತದೆ. ತೆಳುವಾದ ಮೂರು ಕೈ ನಿಲ್ಲುತ್ತದೆ, ದಪ್ಪದ ಒಂದು ಕೈ ಉದುರುತ್ತದೆ.

ದೀಪ ಎಲ್ಲಿ ಕಟ್ಟಬೇಕು

ಗೋಡೆಗೂ ಅದೇ ಸುಣ್ಣ ಬಳಿದು ದೀಪದ ಕೆಲಸಕ್ಕೆ ಬಂದೆವು. ಈಗಿನ 20 ವಾಟಿನ ಎಲ್‌ಇಡಿ ಟ್ಯೂಬು ಸುಮಾರು 2,000 ಲ್ಯೂಮೆನ್ ಬೆಳಕು ಕೊಡುತ್ತದೆ. ಡಬ್ಬಿಯ ಮೇಲೆ ಬರೆದಿರುತ್ತದೆ, ವಾಟ್ ನೋಡದೆ ಅದನ್ನು ನೋಡಿ ಕೊಳ್ಳಬೇಕು. ಒಂದು ಚದರ ಮೀಟರಿಗೆ ಒಂದು ಲ್ಯೂಮೆನ್ ಬಿದ್ದರೆ ಅದಕ್ಕೆ ಒಂದು ಲಕ್ಸ್ ಎನ್ನುತ್ತಾರೆ. ಕೈಕೆಲಸದ ಮೇಜಿನ ಮೇಲೆ 300 ಲಕ್ಸ್ ಇದ್ದರೆ ಒಳ್ಳೆಯದು. ನಮ್ಮ ಕೋಣೆ ಸುಮಾರು 50 ಚದರ ಮೀಟರ್. ಎಲ್ಲ ಕಡೆ ಅಷ್ಟು ಬೆಳಕು ಬೇಕೆಂದರೆ ಲೆಕ್ಕ ಹೆಚ್ಚಾಗುತ್ತದೆ, ಹಾಗೆ ಬೇಕಾಗಿಯೂ ಇಲ್ಲ. ಸುಲಿಯುವ ಸಾಲಿನ ಮೇಲೆ ಮೂರು ಟ್ಯೂಬು, ರಿಪೇರಿ ಮೇಜಿಗೆ ಒಂದು, ಇಡೀ ಕೋಣೆಗೆಂದು ಎರಡು, ಒಟ್ಟು ಆರು ಟ್ಯೂಬಿಗೆ 120 ವಾಟ್ ಆಯಿತು. ಹಿಂದೆ ಎರಡು ಗುಂಡು ಬಲ್ಬಿಗೆ ಅಷ್ಟು ಕರೆಂಟು ಹೋಗುತ್ತಿತ್ತು.

ಹಳೆಯ ಟ್ಯೂಬ್‌ಲೈಟು ಸುತ್ತಲೂ ಬೆಳಕು ಚೆಲ್ಲುತ್ತಿತ್ತು. ಪಟ್ಟಿಯಂತಿರುವ ಎಲ್‌ಇಡಿ ಕೆಳಕ್ಕೆ ಮಾತ್ರ ಚೆಲ್ಲುತ್ತದೆ. ಅದನ್ನು ಜಂತೆಯ ಅಡಿಗೆ ಹೊಡೆದರೆ ನಾವು ಕಷ್ಟಪಟ್ಟು ಬಿಳಿ ಮಾಡಿದ ಸೂರು ನೆಲದಿಂದ ತಿರುಗಿ ಬಂದಷ್ಟನ್ನು ಬಿಟ್ಟರೆ ಬೆಳಕನ್ನೇ ಕಾಣದು. ಎರಡು ಜಂತೆಗಳ ನಡುವೆ ಮೇಲಕ್ಕೆ ಹೊಡೆದರೆ ಜಂತೆಯ ಬದಿಗಳೇ ಬೆಳಕನ್ನು ತಡೆಯುತ್ತವೆ. ಆದ್ದರಿಂದ ಕೋಣೆಗೆಂದು ಇಟ್ಟ ಎರಡು ಟ್ಯೂಬುಗಳನ್ನು ಜಂತೆಗಿಂತ ಆರಿಂಚು ಕೆಳಗೆ ಗೋಡೆಯ ಮೇಲೆ ಮುಖ ಮೇಲೆ ಮಾಡಿ ಕಟ್ಟಿಸಿದೆವು. ದೀಪ ಕಣ್ಣಿಗೆ ಕಾಣುವುದಿಲ್ಲ, ಮುಚ್ಚಿಗೆ ಬೆಳಗುತ್ತದೆ, ನೆರಳು ಮೆತ್ತಗಾಗುತ್ತದೆ. ಎಲೆಕ್ಟ್ರಿಷಿಯನ್, "ಇದೇನು ಸ್ವಾಮಿ, ಉಲ್ಟಾ ದೀಪ?" ಎಂದು ಕೇಳಿಯೇ ಕಟ್ಟಿದ್ದು. ಸುಲಿಯುವ ಸಾಲಿನ ಟ್ಯೂಬುಗಳನ್ನು ಕೂರುವವರ ಹಿಂದಲ್ಲ, ಮುಂದೆ, ಎಡಕ್ಕೆ ಸ್ವಲ್ಪ ಸರಿಸಿ ಹಾಕಿದೆ. ಎಡಗೈಯವರಿದ್ದರೆ ಬಲಕ್ಕೆ.

ಕಾಫಿ ಬೆಳೆಯುವವರಿಗೆ ಇನ್ನೊಂದು ಮಾತು. ಡಬ್ಬಿಯ ಮೇಲೆ ಸಿ.ಆರ್.ಐ. ಎಂದು ಒಂದು ಅಂಕ ಇರುತ್ತದೆ, ದೀಪ ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ. 80ಕ್ಕಿಂತ ಕಡಿಮೆ ಇದ್ದರೆ ಕೆಂಪು ಹಣ್ಣೂ ಅತಿ ಹಣ್ಣಾಗಿ ಕಪ್ಪಿಗೆ ತಿರುಗಿದ್ದೂ ಒಂದೇ ಥರ ಕಾಣುತ್ತವೆ. ಅದೇ ದಿನ ಪಲ್ಪ್ ಮಾಡುವವರು ಸಂಜೆ ಆರಿಸುವ ಹಣ್ಣಿನಲ್ಲಿ ತಪ್ಪಿದರೆ ಕಪ್ಪಿನ ರುಚಿಯಲ್ಲಿ ತೆರಬೇಕಾಗುತ್ತದೆ.

ಕಳೆದ ಸುಗ್ಗಿಗೆ ಆ ಹಿರಿಯ ಹೆಂಗಸಿಗೆ ಹೇಳಿ ಕಳುಹಿಸಿದೆವು. ಸುಲಿತಕ್ಕೆ ಎಂದಲ್ಲ, ಒಮ್ಮೆ ಕುಳಿತು ನೋಡಿ ಹೇಳಲಿ ಎಂದು. ಸಂಜೆ ಏಳಕ್ಕೆ ಬಂದವರು ಬಾಗಿಲಲ್ಲಿ ನಿಂತು ಮೇಲೆ ನೋಡಿದರು. ಮೆಟ್ಟುಗತ್ತಿ ಎಳೆದುಕೊಂಡು ಹತ್ತು ಅಡಿಕೆ ಸುಲಿದರು. "ಕಾಣ್ತದೆ ಅಯ್ಯಾ. ಆದ್ರೆ ನನ್ನ ಜಾಗ ಆ ಮೂಲೆಗೆ ಹಾಕಿ, ಇಲ್ಲಿ ಗಾಳಿ ಹೊಡೀತದೆ" ಅಂದರು. ಆ ಮೂಲೆ ನಾವು ಪಂಚಾಂಗ ಓದಲಾಗದೆ ಬಿಟ್ಟಿದ್ದ ಮೂಲೆಯೇ. ಈಗ ಅಲ್ಲಿ ರಾಹುಕಾಲ, ಗುಳಿಕಕಾಲ ಎರಡನ್ನೂ ಕನ್ನಡಕ ಹಾಕಿ ಓದಬಹುದು. ಅವರು ರಾತ್ರಿ ಒಂಬತ್ತರ ತನಕ ಮಾತ್ರ ಕೂರುತ್ತಾರೆ, ಆ ಮೇಲೆ ಕೂರಿಸಬಾರದೆಂದು ನಮ್ಮ ಮನೆಯಲ್ಲೂ ತೀರ್ಮಾನವಾಗಿದೆ.

ಈ ಮಳೆಗಾಲದ ನಂತರ ನೋಡಿದಾಗ ಸುಣ್ಣ ಎಲ್ಲಿಯೂ ಎದ್ದಿರಲಿಲ್ಲ. ಪೂರ್ವದ ಗೋಡೆಯ ಕಡೆ ಮೂರನೆಯ ಜಂತೆಯ ಪಕ್ಕದಲ್ಲಿ ಮಾತ್ರ ತಟ್ಟೆಯಷ್ಟು ಅಗಲದ ಕಂದು ವೃತ್ತ ಕಂಡಿತು. ಮೇಲೆ ಹೋಗಿ ನೋಡಿದರೆ ಸರಿಯಾಗಿ ಅದರ ಮೇಲೆ ಬಚ್ಚಲಿನ ಹೊಸ ಪೈಪಿನ ತಿರುವು. ಯಾವಾಗಿನಿಂದ ಸೋರುತ್ತಿತ್ತೋ. ಮಸಿಯ ಸೂರಾಗಿದ್ದರೆ ಜಂತೆ ಕೊಳೆತ ಮೇಲೆ ತಿಳಿಯುತ್ತಿತ್ತು. ಪೈಪಿನವರು ಬರುವ ವಾರ ಬರುತ್ತೇನೆಂದಿದ್ದಾರೆ. ಅಲ್ಲಿಯವರೆಗೆ ಬಚ್ಚಲಿನಲ್ಲಿ ಸ್ನಾನ ಬಂದ್, ಬಾವಿಕಟ್ಟೆಯಲ್ಲಿ.